ಮಹಜೂಬಾಳ ಮೂರು ಏಟು

"ಅಮ್ಮಾ, ಮಹಜೂಬಾ ಅಜ್ಜಿ ಎಲ್ಲದಕ್ಕೂ ಮೂರು ಸಲ ಯಾಕೆ ಹೊಡೀತಾಳೆ?"

ರೀಮ್‌ಗೆ ಐದು ವರ್ಷ. ಎಲ್ಲದಕ್ಕೂ ಅಂದರೆ ಗ್ಯಾಸ್ ಸಿಲಿಂಡರಿಗೆ, ನಲ್ಲಿಗೆ, ಕೆಟ್ಟುಹೋದ ಟಾರ್ಚಿಗೆ, ಕೊನೆಗೆ ಕಲ್ಲಂಗಡಿ ಹಣ್ಣಿಗೂ. ಮೇಲಿನ ಮನೆಯ ಮಹಜೂಬಾ ಬೆರಳ ಗೆಣ್ಣಿನಿಂದ ಟಕ್, ಟಕ್, ಟಕ್ ಎಂದು ತಟ್ಟಿ, ಕಿವಿಗೊಟ್ಟು, ಆಮೇಲೇ ಯಾವುದನ್ನಾದರೂ ಮುಟ್ಟುವವಳು. ಹರೀರಾ ಗಂಜಿಗೆ ಕೊತ್ತಂಬರಿ ಹೆಚ್ಚುತ್ತಿದ್ದ ಸುಕೈನಾ ಚಾಕು ಕೆಳಗಿಟ್ಟಳು. ಆ ಮೂರು ಏಟಿನ ಕಥೆ ಮಗುವಿಗೆ ಹೇಳುವಂಥದ್ದಲ್ಲ. ನೆನೆಸಿಕೊಂಡರೆ ಅವಳಿಗೇ ಮೈ ಉರಿಯುತ್ತಿತ್ತು.

ಮಹಜೂಬಾ ಹದಿನಾಲ್ಕನೇ ವಯಸ್ಸಿಗೆ ಸಫಿ ಬಂದರಿನ ಮೀನಿನ ಕಾರ್ಖಾನೆಗೆ ಸೇರಿದವಳು. ಮೊದಲು ಬೂತಾಯಿಯ ತಲೆ ಕಿತ್ತಳು, ಆಮೇಲೆ ಡಬ್ಬಿ ತುಂಬಿದಳು, ಕೊನೆಗೆ ಉಗಿಹಂಡೆಗೆ ಬಂದಳು. ಮುಚ್ಚಿದ ಡಬ್ಬಿಗಳನ್ನು ಬುಟ್ಟಿಗಟ್ಟಲೆ ಒಳಗಿಟ್ಟು, ಬಾಗಿಲು ಬಿಗಿದು, ಉಗಿಯ ಒತ್ತಡದಲ್ಲಿ ಬೇಯಿಸುವ ಆಳೆತ್ತರದ ಕಬ್ಬಿಣದ ಹಂಡೆ ಅದು. ನಡುವೆ ಒಂದು ಮದುವೆಯೂ ಆಗಿತ್ತು. ಗಂಡನನ್ನು ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ, "ಬಾಗಿಲು ಬಡೀದೆ ಒಳಗೆ ಬರ್ತಿದ್ದ," ಅನ್ನುವಳು.

ಹಂಡೆಯ ಕೆಲಸ ಕಲಿಸಿದ್ದು ಮುದುಕ ಬೂಶ್ತಾ. "ಈ ಒತ್ತಡದ ಮುಳ್ಳು ಸೋಮಾರಿ ಕಣಮ್ಮಾ. ಸೊನ್ನೆಗೆ ಬಂದೆ ಅಂತ ಸುಳ್ಳು ಹೇಳುತ್ತೆ. ಒಂದೇಟು ಎಬ್ಬಿಸೋಕೆ, ಒಂದೇಟು ಕೇಳೋಕೆ, ಒಂದೇಟು ನಂಬೋಕೆ," ಎಂದಿದ್ದ. ಅಂದಿನಿಂದ ಮೂವತ್ತೊಂದು ವರ್ಷ, ಬಾಗಿಲು ತೆರೆಯುವ ಮೊದಲು ಸ್ಪ್ಯಾನರಿನಿಂದ ಮೂರು ಏಟು. ಆಮೇಲೆ ಮುಳ್ಳಿನ ಪಕ್ಕದಲ್ಲೇ ಸೆನ್ಸರ್ ಕೂರಿಸಿದರು. ಅದು ಒತ್ತಡವನ್ನೂ ಕಾವನ್ನೂ ಮೇಲಿನ ಕೋಣೆಯ ಯಂತ್ರದಲ್ಲಿ ಎರಡು ಗೆರೆಗಳಾಗಿ ಬರೆಯುತ್ತದೆ. ಇವಳ ಏಟಿಗೆ ಒತ್ತಡದ ಗೆರೆಯಲ್ಲಿ ಮೂರು ಸಣ್ಣ ಹಲ್ಲು ಮೂಡುತ್ತಿದ್ದವು. ರಿಪೇರಿಗೆ ಬಂದವನು, ಎಲ್ಲರಂತೆ ಅವಳನ್ನು ಚಿಕ್ಕಮ್ಮ ಅನ್ನುತ್ತ, ಪ್ರತಿ ಸಲ ಗೊಣಗುತ್ತಿದ್ದ: "ಖಾಲ್ತಿ, ನನ್ನ ಗೆರೆಗೆ ಹಲ್ಲು ಕಟ್ಟೋ ಡಾಕ್ಟ್ರಾ ನೀನು?"

ಈ ರಮದಾನಿನ ಎರಡನೇ ದಿನ ಅವಳು ಎರಡನೇ ಹಂಡೆಗೆ ಬಡಿದಳು, ಬಾಗಿಲು ತೆರೆದಳು. ಬುಟ್ಟಿ ಎಳೆಯಲು ಬಗ್ಗಿದ ಗಿಜ್ಲಾನಳ ಎರಡೂ ಕೈ ಮೇಲೆ ಉಗಿ ನುಗ್ಗಿತು. ಗಿಜ್ಲಾನ್ ಹತ್ತೊಂಬತ್ತರ ಹುಡುಗಿ, ಇದೇ ಓಣಿಯವಳು. ಹಬ್ಬ ಕಳೆದರೆ ಮದುವೆ. ಗೋರಂಟಿ ಹಚ್ಚಬೇಕಿದ್ದ ಕೈಗಳಿಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದರು.

ಕಾರ್ಖಾನೆಯವರು ಮೂರೇ ದಿನದಲ್ಲಿ ತೀರ್ಪು ಸಿದ್ಧಮಾಡಿಕೊಂಡರು. ಕ್ಯಾಮೆರಾದಲ್ಲಿ ಬಾಗಿಲು ತೆರೆದದ್ದು ಮೂರು ಹತ್ತಕ್ಕೆ. ಸೆನ್ಸರಿನ ಗೆರೆಯಲ್ಲಿ ಮೂರು ಹತ್ತಕ್ಕೆ ಒತ್ತಡ ಇನ್ನೂ ಅರ್ಧದಷ್ಟಿತ್ತು. ಅಂದಮೇಲೆ ಮುದುಕಿ ಆತುರಪಟ್ಟಳು. ಮಾತು ಓಣಿಗೂ ಬಂತು. ಮಹಜೂಬಾ ಕಳಿಸಿದ ಹರೀರಾದ ಬಟ್ಟಲನ್ನು ಗಿಜ್ಲಾನಳ ತಾಯಿ ತಾಮು ಮುಟ್ಟದೆ ವಾಪಸು ಕಳಿಸಿದಳು. ರಮದಾನಿನಲ್ಲಿ ಬಟ್ಟಲು ತುಂಬಿದಂತೆಯೇ ಮನೆಗೆ ಮರಳುವುದೆಂದರೆ ಓಣಿಯ ನಡುವೆ ನಿಲ್ಲಿಸಿ ಕೆನ್ನೆಗೆ ಹೊಡೆದಂತೆ.

ವಿಚಾರಣೆಗೆ ಓದುಬಲ್ಲ ಒಬ್ಬರನ್ನು ಕರೆತರಬಹುದು ಎಂದಿದ್ದರಿಂದ ಸುಕೈನಾ ಜೊತೆಗೆ ಹೋದಳು. ಕೋಣೆಯಲ್ಲಿ ಎಲ್ಲರೂ ಮರ್ಯಾದೆಗೆ ‘ಸಿ’ ಸೇರಿಸಿ ಕರೆಯುವ ಪಾಳಿಯ ಮೇಸ್ತ್ರಿ ತುಹಾಮಿ ಇದ್ದ. ವಿಮೆಯವರ ಕಡೆಯಿಂದ ಬಂದ ಹುಡುಗನೊಬ್ಬ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ಮೇಲೆ ನಿಮ್ಮ ಚಿತ್ರ, ಕೆಳಗೆ ಯಂತ್ರದ ಗೆರೆ," ಎಂದ ಹುಡುಗ. "ಗಂಟೆಗೆ ಗಂಟೆ ಕೂಡಿಸಿ ಒಟ್ಟಿಗೇ ಓಡಿಸ್ತೀನಿ, ನೋಡಿ ಅಮ್ಮಾ."

ಪರದೆಯ ಮಹಜೂಬಾ ಸ್ಪ್ಯಾನರ್ ಎತ್ತಿದಳು. ಒಂದು, ಎರಡು, ಮೂರು. ಕೆಳಗಿನ ಗೆರೆ ನುಣ್ಣಗೆ ಜಾರುತ್ತ ಹೋಯಿತು.

"ನಿಲ್ಲಿಸು," ಎಂದಳು ಮಹಜೂಬಾ. "ನನ್ನ ಹಲ್ಲೆಲ್ಲಿ?"

ಸಿ ತುಹಾಮಿ ನಕ್ಕ. "ಬಾಯಲ್ಲಿ ಹುಡುಕು ಖಾಲ್ತಿ, ಒಂದೆರಡು ಉಳಿದಿರಬೇಕು."

ಮಹಜೂಬಾ ಅವನ ಕಡೆ ತಿರುಗಲೂ ಇಲ್ಲ. "ಮಗನೇ, ನನ್ನ ಕೈ ಮೂರು ಸಲ ಬಡೀತಿದೆ. ನಿನ್ನ ಗೆರೆ ತುಟಿ ಪಿಟಕ್ಕನ್ನಲಿಲ್ಲ. ಅಂದ್ರೆ ಈ ಗೆರೆ ಈ ಹೊತ್ತಿಂದಲ್ಲ. ಮುಂದಕ್ಕೆ ತಳ್ಳು."

"ಉಪವಾಸಕ್ಕೆ ತಲೆ ಸುತ್ತಿದೆ ಪಾಪ," ಎಂದ ತುಹಾಮಿ. "ಸಹಿ ಹಾಕಿಸ್ಕೊಂಡು ಕಳಿಸಪ್ಪ."

ಮಹಜೂಬಾ ಗೆಣ್ಣಿನಿಂದ ಮೇಜಿಗೆ ಬಡಿದಳು. ಟಕ್, ಟಕ್, ಟಕ್. ಹುಡುಗ ತುಹಾಮಿಯ ಮುಖ ನೋಡಿದ, ಅವಳ ಮುಖ ನೋಡಿದ, ಗೆರೆಯನ್ನು ಮುಂದಕ್ಕೆ ತಳ್ಳುತ್ತ ಹೋದ. ಮೂರೂವರೆ, ನಾಲ್ಕು. ನಾಲ್ಕು ಹತ್ತಕ್ಕೆ ನುಣ್ಣನೆಯ ನೆಲದ ಮೇಲೆ ಮೂರು ಹಲ್ಲು ಎದ್ದು ನಿಂತಿದ್ದವು.

ನಿಮಿಷ ಸರಿ, ಗಂಟೆ ಮಾತ್ರ ತಪ್ಪು. ಸುಕೈನಾಗೆ ಥಟ್ಟನೆ ತಿಳಿಯಿತು. ಪ್ರತಿ ವರ್ಷದಂತೆ ರಮದಾನ್ ಬಂತೆಂದು ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ, ಹಳೆ ಗಂಟೆಗೆ, ತಿರುಗಿಸಿದೆ. ಅವಳ ಮನೆಯ ಗೋಡೆ ಗಡಿಯಾರ ಇನ್ನೂ ಹೊಸ ಗಂಟೆಯಲ್ಲೇ ಓಡುತ್ತಿದೆ, ಸ್ಟೂಲು ಹತ್ತಲು ಪುರುಸೊತ್ತಾಗಿಲ್ಲ.

"ಕ್ಯಾಮೆರಾನ ಕಾವಲಿನವನು ತಿರುಗಿಸಿದ್ದಾನೆ," ಎಂದಳು. "ಈ ಯಂತ್ರ ಇನ್ನೂ ಒಂದು ಗಂಟೆ ಮುಂದೇ ಇದೆ. ಇದನ್ನ ಯಾರು ತಿರುಗಿಸಬೇಕಿತ್ತು?"

ಆ ಯಂತ್ರದ ಕೀಲಿಕೈ ಸಿ ತುಹಾಮಿಯ ಬೆಲ್ಟಿನಲ್ಲಿ ನೇತಾಡುತ್ತಿತ್ತು.

ಹುಡುಗ ಈ ಸಲ ಗಂಟೆಯನ್ನು ನಂಬಲಿಲ್ಲ. ಏಟಿಗೆ ಹಲ್ಲು ಕೂಡಿಸಿ ಓಡಿಸಿದ. ಒತ್ತಡ ಸೊನ್ನೆ. ಮೂರು ಏಟು. ಬಾಗಿಲು ತೆರೆಯಿತು. ಅದಾದ ಮೇಲೆ, ಒಂದು ಉಸಿರಿನಷ್ಟು ತಡವಾಗಿ, ಕಾವಿನ ಗೆರೆ ಗೋಡೆಯಂತೆ ನೆಟ್ಟಗೆ ಎದ್ದಿತು. ತೆರೆದ ಹಂಡೆಗೆ ಯಾರೋ ಮೇಲಿನಿಂದ ಉಗಿ ಬಿಟ್ಟಿದ್ದರು. ಉಗಿಯ ಗುಂಡಿಗಳಿರುವುದು ಮೇಲಿನ ಕೋಣೆಯಲ್ಲಿ. ಸಂಜೆಯ ಬಾಂಗಿಗೆ ಮೊದಲು ಇನ್ನೊಂದು ಸರದಿ ಮುಗಿಸಬೇಕೆಂದು ಅವತ್ತು ಅಲ್ಲಿ ಕೂತು ಅವಸರ ಮಾಡುತ್ತಿದ್ದವನು ಒಬ್ಬನೇ.

"ಮೂರನೇ ಹಂಡೆ ಅಂದ್ಕೊಂಡೆ," ಎಂದ ತುಹಾಮಿ, ಮೇಜಿಗೆ ಹೇಳುವವನಂತೆ.

"ಅಂದ್ಕೊಂಡೆ," ಎಂದಳು ಮಹಜೂಬಾ. ದನಿ ಏರಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. "ನನ್ನ ಏಟು ನಿನಗೆ ಕೇಳ್ಸಿತ್ತು ತುಹಾಮಿ. ಮೂವತ್ತೊಂದು ವರ್ಷದಿಂದ ಆ ಸದ್ದಿಗೆ ಒಂದೇ ಅರ್ಥ, ಬಾಗಿಲು ತೆಗೀತಿದೀನಿ. ಕೇಳಿಯೂ ಗುಂಡಿ ಒತ್ತಿದೆ. ಮೂರು ದಿನ ಆ ಮಗು ನನ್ನ ಶಪಿಸ್ತಾ ಮಲಗಿತ್ತು, ನೀನು ಆರಾಮಾಗಿ ಉಪವಾಸ ಬಿಟ್ಟೆ. ಯಂತ್ರದ ಗಂಟೆ ತಪ್ಪಿತ್ತು, ಸರಿ. ನಿನ್ನ ಬಾಯಿಗೇನಾಗಿತ್ತು?"

ಹೊರಡುವಾಗ ಹುಡುಗ ತಲೆ ಎತ್ತದೆ, ಕೂಡಿಸಿದ ಚಿತ್ರವನ್ನೂ ಗೆರೆಯನ್ನೂ ಸುಕೈನಾಳ ಫೋನಿಗೆ ಕಳಿಸಿಕೊಟ್ಟ.

ಇವತ್ತು ಬೆಳಿಗ್ಗೆ ಕಾರ್ಖಾನೆಯಿಂದ ಕಾಗದ ಬಂದಿತ್ತು. ಮೆಟ್ಟಿಲ ಮೇಲೆ ನಿಂತು ಸುಕೈನಾ ಓದಿದಳು: ಗಡಿಯಾರಗಳ ವ್ಯತ್ಯಾಸದಿಂದ ತಪ್ಪು ತಿಳಿವಳಿಕೆ ಉಂಟಾಗಿತ್ತು, ಕೆಲಸಗಾರಳ ಮೇಲಿನ ಕ್ರಮ ಕೈಬಿಡಲಾಗಿದೆ.

"ತುಹಾಮಿ ಹೆಸರಿದೆಯಾ?"

"ಇಲ್ಲ ಖಾಲ್ತಿ."

"ಗಿಜ್ಲಾನ್‌ದು?"

"ಅದೂ ಇಲ್ಲ."

"ಹಂಗಾದ್ರೆ ಗಡಿಯಾರಾನ ಜೈಲಿಗೆ ಹಾಕ್ತಾರಂತಾ?" ಎಂದು ಕಾಗದವನ್ನು ನಾಲ್ಕಾಗಿ ಮಡಚಿ ಎದೆಗೆ ತುರುಕಿಕೊಂಡು ಮೇಲೆ ಹೋಗಿದ್ದಳು. ಇಡೀ ಮಧ್ಯಾಹ್ನ ಮೇಲಿನಿಂದ ಪಾತ್ರೆಗಳ ಸದ್ದು.

"ಹೇಳಮ್ಮಾ, ಯಾಕೆ ಹೊಡೀತಾಳೆ?" ರೀಮ್ ಅಂಗಿಯ ತುದಿ ಜಗ್ಗಿದಳು.

"ಒಳಗೇನಿದೆ ಅಂತ ಕೇಳೋಕೆ," ಎಂದಳು ಸುಕೈನಾ. ಅಷ್ಟರಲ್ಲಿ ಬಾಗಿಲಿಗೆ ಟಕ್, ಟಕ್, ಟಕ್.

ಬಟ್ಟೆ ಮುಚ್ಚಿದ ಹರೀರಾದ ಬಟ್ಟಲು ಹಿಡಿದು ಮಹಜೂಬಾ ನಿಂತಿದ್ದಳು. ಒಳಗೆ ಬರಲಿಲ್ಲ.

"ಮಗಳೇ, ತಾಮು ನನಗೆ ಬಾಗಿಲು ತೆಗೆಯಲ್ಲ, ನಿನಗೆ ತೆಗೀತಾಳೆ. ಬಾಂಗಿಗೆ ಮುಂಚೆ ಹೋಗಿ ಆ ಫೋನಿಂದು ತೋರಿಸು. ಗಿಜ್ಲಾನೂ ನೋಡಲಿ. ಸೊನ್ನೆ ತೋರಿಸು, ನನ್ನ ಏಟು ತೋರಿಸು. ಉಗಿ ಬರೋ ಹೊತ್ತಿಗೆ ಚಿತ್ರದ ಮೇಲೆ ಕೈ ಮುಚ್ಚು, ಕೆಳಗಿನ ಗೆರೆ ಮಾತ್ರ ಕಾಣಲಿ. ಅವಳು ಅದನ್ನ ಇನ್ನೊಂದ್ಸಲ ನೋಡಬಾರದು. ನಾನು ಮೆಟ್ಟಿಲ ಕೆಳಗೆ ಬಟ್ಟಲು ಹಿಡ್ಕೊಂಡು ನಿಂತಿರ್ತೀನಿ. ಕರೆದ್ರೆ ಬರ್ತೀನಿ. ಕರೀದೆ ಹೋದ್ರೆ, ಇದನ್ನ ನೀನೇ ಒಳಗಿಟ್ಟು ಬಾ."