ದುಷ್ಟ ರಾಜನ ಸಾಲಿಗೆ ನಾನು

ಗೆಳೆಯರೇ, ಇವತ್ತು ಹೊರನಾಡಿನ ನೆರೂಳದ ನಮ್ಮ ಮನೆಯಲ್ಲಿ ನಾನು ಖಳನಾಯಕಿಯಾದೆ.

ಒಂಬತ್ತನೇ ಕ್ಲಾಸಿನ ಮಗಳು ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಮುಳುಗಿದ್ದಾಳೆ. ಅದರಲ್ಲಿ ಪ್ರಜೆಗಳು ಓದಬಾರದೆಂದು ರಾಜ ಪುಸ್ತಕಗಳಿಗೆಲ್ಲ ಬೀಗ ಹಾಕುತ್ತಾನೆ. ನಾನು ಅವಳ ಗಣಿತದ ಮಾರ್ಕ್ಸಿನ ಬಗ್ಗೆ ಕಲ್ಯಾಣದಲ್ಲಿರುವ ನನ್ನ ಅಕ್ಕನಿಗೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲೇ ದೂರು ಬರೆದೆ. ಗ್ರೂಪಿನಲ್ಲಿ ಮಗಳೂ ಇದ್ದಾಳೆ, ಆದರೆ ಹಿಂದಿಯಲ್ಲೇ ಬೆಳೆದ ಅವಳಿಗೆ ಕನ್ನಡ ಅಕ್ಷರ ಬಾರದೆಂಬ ಧೈರ್ಯ.

ಕೆಳಗೇ ಅವಳ ಉತ್ತರ ಬಂತು, ಕನ್ನಡದಲ್ಲಿ: "ಆಯಿ, ನಾನು ಎಲ್ಲಾ ಓದಿದೆ."

"ಯಾವಾಗ ಕಲ್ತೀ ನೀ?" ಎಂದೆ.

"ಆಪ್ ಭೀ ಉಸ್ ರಾಜಾ ಜೈಸೀ ನಿಕ್ಲೀ. ಆಪ್‌ನೇ ಛುಪಾಯಾ, ತೋ ಮೈನೇ ಸೀಖ್ ಲಿಯಾ."

ನಾನೂ ಆ ರಾಜನಂಥವಳೇ ಅಂತೆ, ಬಚ್ಚಿಟ್ಟಿದ್ದಕ್ಕೇ ಕಲಿತಳಂತೆ. ಕನ್ನಡ ಕಲಿ ಕಲಿ ಎಂದು ವರ್ಷಗಟ್ಟಲೆ ಬೆನ್ನು ಹತ್ತಿದಾಗ ಒಂದಕ್ಷರ ಕಲಿತಿರಲಿಲ್ಲ.

ಗಣಿತದ ಪುಸ್ತಕವನ್ನು ಈಗಷ್ಟೇ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದೆ.