ಹಾಲೆಂಡಿನ ಬೀಗರು

ಇಳಕಲ್ಲಿನಲ್ಲಿ ಸೀರೆ ಕೊಳ್ಳಲು ನೇಕಾರ ಹನಮಪ್ಪನವರ ಮನೆಗೆ ಹೋದರೆ ಅವರು ಮೊದಲು ಕೇಳಿದ್ದು, "ಇಂಗ್ಲಿಷ್ ತಿಳಿತೈತೇನ್ರಿ?" ಎಂದು. ಹೂಂ ಎಂದದ್ದೇ ತಡ, ಇಂಗ್ಲಿಷ್ ಸುದ್ದಿ ಕೇಳಿ ಹೇಳಲು ಮಗ್ಗದ ಪಕ್ಕದ ಟ್ರಾನ್ಸಿಸ್ಟರ್ ಮುಂದೆ ಕೂರಿಸಿದರು. ಹಾಲೆಂಡಿನ ಒಂದು ಊರಿನ ಫುಟ್‌ಬಾಲ್ ಕ್ಲಬ್ಬು ಈ ವರ್ಷ ತನ್ನ ದೇಶದ ಲೀಗ್ ಗೆದ್ದಾಗಿತ್ತಂತೆ. ನಿನ್ನೆ ಯುರೋಪ್ ಕಪ್ಪಿನ ಫೈನಲ್.

"ಆ ಊರಿಗೂ ನಿಮಗೂ ಏನು ಸಂಬಂಧ?"

"ಅಲ್ಲಿಯ ಅಮ್ಮಾರೊಬ್ಬರು ಬಾದಾಮಿ ನೋಡಾಕ ಬಂದಾಗ ನಮ್ಮ ಸೀರಿ ಒಯ್ದಾರ್ರಿ. ಸೀರಿ ಕೊಟ್ಟ ಊರಂದ್ರ ಬೀಗರ ಊರು!"

ಕರಕರ ಸದ್ದಿನ ನಡುವೆ ಸುದ್ದಿ ಬಂತು. "ಪೆನಾಲ್ಟಿಯಲ್ಲಿ ಗೆದ್ದರು!" ಎಂದೆ. ಹನಮಪ್ಪ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಜಿಗಿದೆದ್ದರು. ಅವರ ಹೆಂಡತಿ ಓಡಿಬಂದು ನನ್ನ ಅಂಗೈ ತುಂಬ ಸಕ್ಕರೆ ಸುರಿದರು.

"ಬೀಗರು ಗೆದ್ದಾರ, ಬಾಯಿ ಸಿಹಿ ಮಾಡ್ಕೋರಿ." ಆಮೇಲೆ ಆಕೆ ದನಿ ತಗ್ಗಿಸಿ ನನ್ನನ್ನು ಕೇಳಿದರು: "ಅಂದಂಗ, ಅದು ಯಾವ ಆಟರಿ?"