ಸೊಟ್ಟ ಕಿರುಬೆರಳು

ಅವರ ಎಡಗೈಯ ಕಿರುಬೆರಳು ಸ್ವಲ್ಪ ಸೊಟ್ಟಗಿತ್ತು. ಅವರು ಚಿತ್ರ ಮಾಡಿದ ಮಕ್ಕಳ ಪುಸ್ತಕಗಳಲ್ಲಿ ರಾಣಿಯ ಬೆರಳೂ ಸೊಟ್ಟ, ಅಡುಗೆಯವಳ ಬೆರಳೂ ಸೊಟ್ಟ.

ರಾಣೆಬೆನ್ನೂರಿನಲ್ಲಿ ನಮ್ಮ ಎದುರುಮನೆಯಲ್ಲಿ ಆ ಅಕ್ಕ ಒಬ್ಬರೇ ಇದ್ದರು. ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಹಾವೇರಿಯ ಪ್ರೆಸ್ಸಿಗೆ ಕೊಡುತ್ತಿದ್ದರು. ಎಡಗೈಯನ್ನು ನೋಡುತ್ತ ಬಲಗೈಯಿಂದ ಹಲಗೆಯ ಮೇಲೆ ಬರೆದುಕೊಂಡು, ಆಮೇಲೆ ಉಳಿ ಹಿಡಿಯುವರು. ಅಚ್ಚಾದಾಗ ಆ ಎಡಗೈ ಕನ್ನಡಿಯೊಳಗಿನಂತೆ ತಿರುಗಿ ಬಲಗೈಯಾಗುತ್ತಿತ್ತು.

"ಯಾರನ್ನರ ಎದುರಿಗೆ ಕುಂದರಿಸ್ಕೊಂಡು ಬರೀಬಾರದೇನ್ರಿ, ಅಕ್ಕಾರ?" ಎಂದು ನಾನು ಕೇಳಿದರೆ, "ನನ್ನ ಕೈ ಐತೆಲ್ಲ, ಸಾಕ ಬಿಡವಾ" ಎನ್ನುವರು.

ಒಮ್ಮೆ ಮಾತ್ರ ಅವರೇ ನನ್ನನ್ನು ಕರೆದರು. ತಾಯಿ ಮಗಳ ಕೈಹಿಡಿದ ಚಿತ್ರ ಬೇಕಾಗಿತ್ತು.

"ಇದು ಒಂದ ಕೈಲೆ ಆಗವಲ್ದು. ನಾಳೆ ಮುಂಜಾನೆ ಬಾ, ತಂಗಿ. ಮಗಳಿಗರ ನೆಟ್ಟನ ಬೆರಳ ಇರ್ಲಿ."

ಅಂದು ಸಂಜೆ ಅವರೇ ನಮ್ಮ ಬಾಗಿಲಿಗೆ ಬಂದರು. ಎಡಗೈ ಸೆರಗಿನೊಳಗಿತ್ತು.

"ಪ್ರೆಸ್ಸಿನವರು ಬಂದಿದ್ರು. ಇನ್ನ ಪುಸ್ತಕಕ್ಕ ಫೋಟೋನ ಹಾಕ್ತಾರಂತ, ಕೆತ್ತೋದು ಬ್ಯಾಡಂತ. ನಾಳೆ ಬರಬ್ಯಾಡವಾ."

ನಾನು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಕೈಗಡಿಯಾರ ಬಿಚ್ಚಿಟ್ಟು ಅವರ ಮನೆಗೆ ಹೋದೆ. ಹಲಗೆಯ ಪಕ್ಕದಲ್ಲಿ ಕೈಯಿಟ್ಟು ಕುಳಿತೆ.